ದೀಪ ಹಚ್ಚಿದ ಮೇಲೆ ಕೇಳಿದ ಹೆಪ್ಪು

ಜಮಖಂಡಿ ಕೋರ್ಟಿನ ಕಾಂಪೌಂಡಿಗೆ ಹೊಂದಿ ಒಂದು ಬೇವಿನ ಮರವಿದೆ. ಅದರ ಕೆಳಗೆ ಒಂದು ಮೇಜು, ಎರಡು ಕುರ್ಚಿ ಹಾಕಿಕೊಂಡು ಇಪ್ಪತ್ತಾರು ವರ್ಷಗಳಿಂದ ನಾನು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದೇನೆ. ಹೆಸರು ಮುರಗೆಪ್ಪ. ಹೊಲದ ಬಾಂದು ಸರಿದದ್ದಕ್ಕೆ, ಪಹಣಿಯಲ್ಲಿ ಅಜ್ಜನ ಹೆಸರು ತಪ್ಪಿದ್ದಕ್ಕೆ, ಬೀದಿದೀಪ ಹತ್ತದ್ದಕ್ಕೆ, ಹತ್ತಿದ್ದು ಹಗಲೆಲ್ಲ ಆರದ್ದಕ್ಕೆ, ಎಲ್ಲದಕ್ಕೂ ಬರೆದಿದ್ದೇನೆ. ಅಕ್ಷರ ಚಂದ, ಭಾಷೆ ಅದಕ್ಕಿಂತ ಚಂದ ಎಂದು ವಕೀಲರೇ ಹೇಳುತ್ತಾರೆ. ಫಲದ ಮಾತು ಬೇರೆ. ಬರೆದ ಸಾವಿರಾರು ಅರ್ಜಿಗಳ ಪೈಕಿ ಮೂರೇ ದಿನಕ್ಕೆ ಕೆಲಸ ಆದದ್ದು ಒಂದೇ ಒಂದು. ಅದೊಂದು ಯಾರದಾದರೂ ಟೇಬಲ್ಲಿನ ಕೆಳಗೆ ಬಿದ್ದು ಕಳೆದುಹೋಗಿದ್ದರೆ ಎಷ್ಟು ಛಲೋ ಇತ್ತು ಎಂದು ಇವತ್ತಿಗೂ ಅನಿಸುತ್ತದೆ.

ಆ ಅರ್ಜಿ ಬರೆಸಿದವನು ನನ್ನ ಪಕ್ಕದ ಮನೆಯ ಧರೆಪ್ಪ. ಹುನ್ನೂರು ದಾಟಿ ಎರಡು ಮೈಲಿ ಒಳಗೆ ನಮ್ಮ ಊರು. ನಮ್ಮ ಓಣಿಯಲ್ಲಿ ನನ್ನ ಮನೆಗೂ ಅವನ ಮನೆಗೂ ಒಂದೇ ಗೋಡೆ, ಎದುರಿಗೆ ಮರೆವ್ವನ ಮನೆ. ಧರೆಪ್ಪ ಮೂವತ್ತೊಂದು ವರ್ಷ ಬಸ್ ನಿಲ್ದಾಣಗಳಲ್ಲಿ ಜಾಳಿಗೆ ಹಾಕಿದ ಕೋಣೆಯೊಳಗೆ ಕೂತು ಮೈಕಿನಲ್ಲಿ ಬಸ್ಸು ಕೂಗಿದವನು. ಕೊನೆಯ ಹನ್ನೊಂದು ವರ್ಷ ಬೀಳಗಿಯಲ್ಲಿ. ನಿವೃತ್ತಿಯ ಹಿಂದಿನ ವರ್ಷ ಅವನ ನಿಲ್ದಾಣಕ್ಕೆ ಸ್ವಚ್ಛತೆಯ ಪ್ರಶಸ್ತಿಪತ್ರ ಬಂತು. ಕಸ ಗುಡಿಸಿದವರು ಬೇರೆ, ಫೋಟೋಕ್ಕೆ ನಿಂತವನು ಇವನು. ಪತ್ರಕ್ಕೆ ಕಟ್ಟು ಹಾಕಿಸಿ ಮನೆಯ ಪಡಸಾಲೆಯಲ್ಲಿ ಎರಡು ದೇವರ ಫೋಟೋಗಳ ನಡುವೆ ತೂಗುಹಾಕಿದ. ಅಂದಿನಿಂದ ಅವನ ಮನೆಯೂ ಒಂದು ನಿಲ್ದಾಣವಾಯಿತು. ಚಪ್ಪಲಿ ಇಲ್ಲಿ, ಕಾಲು ತೊಳೆಯುವುದು ಅಲ್ಲಿ, ಉಗುಳುವುದು ಎಲ್ಲಿಯೂ ಇಲ್ಲ. ಊಟಕ್ಕೆ ಕರೆಯುವಾಗ ಕೂಡ "ದಯವಿಟ್ಟು ಗಮನಿಸಿ" ಎಂದು ಸುರು ಮಾಡುತ್ತಿದ್ದ. ಇನ್ನೊಂದು ಮಾತು ಮುಖ್ಯ: ಮೈಕಿನ ಮುಂದೆ ಪಳಗಿದ ನಾಲಿಗೆಯಾದ್ದರಿಂದ ಅವನ ಬಾಯಲ್ಲಿ ಒಂದು ಹೊಲಸು ಶಬ್ದ ಬರುತ್ತಿರಲಿಲ್ಲ. ಎಮ್ಮೆಯ ಸಗಣಿಯನ್ನು ಸಹ ಅವನು "ಆ ಪದಾರ್ಥ" ಎನ್ನುತ್ತಿದ್ದ.

ಅವನ ಹೆಂಡತಿ ಸಾತವ್ವ ಬೇರೆ ಥರದವಳು. ತವರುಮನೆಯಲ್ಲಿ ಕೋಳಿಗಳ ನಡುವೆ ಬೆಳೆದವಳು, ಮದುವೆಯಾದ ಮೇಲೆ ಮೂವತ್ತೊಂದು ವರ್ಷ ಕ್ವಾರ್ಟರ್ಸಿನಲ್ಲಿ ಕಳೆದಳು. ಅಲ್ಲಿ ಕೋಳಿ ಸಾಕಲು ಬಿಡುತ್ತಿರಲಿಲ್ಲ. ಗಂಡ ನಿವೃತ್ತನಾದಾಗ ಅವಳು ಬಂಗಾರ ಕೇಳಲಿಲ್ಲ, ಯಾತ್ರೆ ಕೇಳಲಿಲ್ಲ. ಒಂದಿಷ್ಟು ಕೋಳಿ ಕೇಳಿದಳು. ಮೂರು ವರ್ಷ ಕಾದ ಮೇಲೆ ಪಶು ಇಲಾಖೆಯಿಂದ ನಲವತ್ತು ಮರಿ ಬಂದವು, ರಟ್ಟಿನ ಡಬ್ಬಿಯಲ್ಲಿ, ಮಷಿನ್ನಿನಲ್ಲಿ ಹುಟ್ಟಿದ ಒಂದು ದಿನದ ಮರಿಗಳು. ಸಾತವ್ವ ಡಬ್ಬಿ ತೆಗೆದು ನೋಡಿದ ಹೊತ್ತಿನಲ್ಲಿ ನಾನು ಅಲ್ಲೇ ಇದ್ದೆ. ಅರವತ್ತರ ಹತ್ತಿರದ ಹೆಂಗಸು ಹಾಗೆ ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು.

ಅವಳ ಯೋಚನೆ ಸರಳವಿತ್ತು. ಎದುರು ಮನೆಯ ಮರೆವ್ವನ ಹತ್ತಿರ ಎರಡು ಹೇಟೆ ಕೋಳಿಗಳಿದ್ದವು, ಕೆಂಪಿ ಮತ್ತು ಕರಿ. ಮರಿಗಳನ್ನು ಅವುಗಳ ಜೊತೆ ಹಿತ್ತಲಿನ ಮಣ್ಣಿಗೆ ಬಿಟ್ಟರೆ ಆಯಿತು, ಉಳಿದದ್ದನ್ನು ಅವೇ ಕಲಿಸುತ್ತವೆ. ಧರೆಪ್ಪ ಇದನ್ನು ಕೇಳಿ ನೊಂದುಕೊಂಡ. ಪ್ರಶಸ್ತಿ ಪಡೆದವನ ಮನೆಯ ಮರಿಗಳು ತಿಪ್ಪೆ ಕೆದರುವುದೆಂದರೇನು? ಸಿಮೆಂಟಿನ ನೆಲ ಹಾಕಿಸಿ ಶೆಡ್ಡು ಕಟ್ಟಿಸಿದ. ಬೆಳಿಗ್ಗೆ ಒಮ್ಮೆ ಫಿನಾಯಿಲ್, ಸಂಜೆ ಒಮ್ಮೆ ಫಿನಾಯಿಲ್. ಒಳಗೆ ಹೋಗುವವರು ಮೂಗಿಗೆ ಬಟ್ಟೆ ಕಟ್ಟಬೇಕು. ಇಷ್ಟು ಸಾಲದೆಂದು ಜಮಖಂಡಿಯ ಒಂದು ಅಂಗಡಿಯಿಂದ ಯಾವುದೋ ರೋಗದ ಪುಡಿ ತಂದು, ರೋಗವಿಲ್ಲದ ಮರಿಗಳಿಗೆ ನೀರಿನಲ್ಲಿ ಕಲಸಿ ಕುಡಿಸಿದ. ಯಾಕೆ ಎಂದು ಕೇಳಿದರೆ ಮುನ್ನೆಚ್ಚರಿಕೆ ಎಂದ.

ಈ ಎಲ್ಲ ಏರ್ಪಾಡಿಗೆ ಒಂದೇ ಕುಂದು ಕೆಂಪಿ. ಅದು ದಿನಾ ಹತ್ತು ಗಂಟೆಗೆ ಮರೆವ್ವನ ತಿಪ್ಪೆಯಿಂದ ಇಳಿದು, ಓಣಿ ದಾಟಿ, ಧರೆಪ್ಪ ಆಗಷ್ಟೇ ತೊಳೆದ ಕಟ್ಟೆಯ ಮೇಲೆ ಹತ್ತಿ, ಪಡಸಾಲೆಯ ಪ್ರಶಸ್ತಿಪತ್ರಕ್ಕೆ ಎದುರಾಗಿ ನಿಂತು ಹಿಕ್ಕಿ ಹಾಕಿ ಹೋಗುತ್ತಿತ್ತು. ಅವನು ಕೈಕೋಲು ಹಿಡಿದು ಹನ್ನೊಂದು ದಿನ ಕಾದ. ಹನ್ನೆರಡನೆಯ ದಿನ ನನ್ನ ಬೇವಿನ ಮರದ ಕೆಳಗೆ ಬಂದು ಕೂತ.

ನಾನು ಬೇಡ ಎನ್ನಬಹುದಿತ್ತು. ಆದರೆ ಅವತ್ತು ಕೋರ್ಟಿಗೆ ರಜೆ, ಕೈಯಲ್ಲಿ ಬೇರೆ ಕೆಲಸವಿರಲಿಲ್ಲ, ಪೆನ್ನು ಹೊಸದು. "ಸದರಿ ಓಣಿಯ ಎದುರುದಾರರಾದ ಮರೆವ್ವ ಇವರ ಮಾಲೀಕತ್ವದ ಕುಕ್ಕುಟಗಳು ಯಾವುದೇ ಪೂರ್ವಾನುಮತಿ ಇಲ್ಲದೆ ಅರ್ಜಿದಾರರ ಕಟ್ಟೆಯ ಮೇಲೆ ಪ್ರತಿನಿತ್ಯ ಮಲವಿಸರ್ಜನೆ ಮಾಡುತ್ತಿದ್ದು" ಎಂದು ಸುರು ಮಾಡಿದೆ. ಓದಿ ನೋಡಿದರೆ ವಾಕ್ಯಕ್ಕೆ ಕೊನೆಯಲ್ಲಿ ತೂಕ ಸಾಲದು ಅನಿಸಿತು. "ಇದರಿಂದ ಸಾಂಕ್ರಾಮಿಕ ರೋಗಗಳು ಹರಡುವ ಸಂಭವವಿದ್ದು" ಎಂದು ಸೇರಿಸಿದೆ. ಯಾವ ರೋಗ, ಯಾರಿಗೆ, ನನಗೆ ಗೊತ್ತಿರಲಿಲ್ಲ. ವಾಕ್ಯ ತುಂಬಿಕೊಂಡಿತು, ಅಷ್ಟೇ. ಪಂಚಾಯ್ತಿಯಲ್ಲಿ ಉಳಿದ ಅರ್ಜಿಗಳೆಲ್ಲ ಮಲಗಿದ್ದರೆ ಇದೊಂದು ಆ ಶಬ್ದದ ಬಲದಿಂದ ಎದ್ದು ನಡೆಯಿತು.

ಮೂರನೆಯ ದಿನ ಟ್ರ್ಯಾಕ್ಟರ್ ಬಂದು ಮರೆವ್ವನ ತಿಪ್ಪೆಯನ್ನು ಬುಡಸಮೇತ ಎತ್ತಿಕೊಂಡು ಹೋಯಿತು. ಓಣಿಯಲ್ಲಿ ಇನ್ನು ಮುಂದೆ ಕೋಳಿ ಅಡ್ಡಾಡಬಾರದೆಂದು ನೋಟಿಸೂ ಬಂತು, ಅದಕ್ಕೆ ಅರ್ಜಿಯ ನಕಲು ಲಗತ್ತಾಗಿತ್ತು. ಮರೆವ್ವನಿಗೆ ಓದಲು ಬರುವುದಿಲ್ಲ. ಓಣಿಯಲ್ಲಿ ಏನೇ ಕಾಗದ ಬಂದರೂ ಎಲ್ಲರೂ ಓದಿಸಿಕೊಳ್ಳುವುದು ನನ್ನ ಕೈಯಲ್ಲಿ. ಅವಳೂ ಬಂದಳು. ನಾನು ಬರೆದದ್ದನ್ನು ನಾನೇ ಅವಳಿಗೆ ಪೂರ್ತಿ ಓದಿ ಹೇಳಿದೆ.

"ಕುಕ್ಕುಟ ಅಂದ್ರ ಏನೋ ಮುರಗೆಪ್ಪಾ?" ಎಂದಳು.

"ಕೋಳಿಬೇ."

"ಮತ್ತ ಆ ವಿಸರ್ಜನಿ?"

ನಾನು ಕೆಮ್ಮಿ, ಹೊಲಸು ಮಾಡುವುದಕ್ಕೆ ಹಾಗನ್ನುತ್ತಾರೆ ಎಂದೆ. ಹಿಕ್ಕಿ ಅನ್ನಲಿಕ್ಕೆ ಏನಾಗಿತ್ತು ಇವರಿಗೆ ಎಂದು ಅವಳು ಆಶ್ಚರ್ಯಪಟ್ಟಳು. ಇಷ್ಟು ದೊಡ್ಡ ದೊಡ್ಡ ಮಾತು ಬರೆದವರು ಯಾರು ಎಂದೂ ಕೇಳಿದಳು. ಯಾರೋ ಬರೆದಾರ ಬಿಡು ಎಂದೆ. ಅವಳು ಕಾಗದ ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡು ಹೋದಳು. ಮರುದಿನ ಓಣಿಯಲ್ಲಿ ಕೋಳಿ ಇರಲಿಲ್ಲ. ಕೇಳಿದವರಿಗೆಲ್ಲ ಮುಧೋಳದ ತಮ್ಮನ ಮನೆಗೆ ಕಳಿಸೇನಿ ಎಂದಳು.

ಧರೆಪ್ಪ ಗೆದ್ದ ಹುಮ್ಮಸ್ಸಿನಲ್ಲಿ ಮುಂದಿನ ರವಿವಾರ ಬನಹಟ್ಟಿಗೆ ಹೋದ. ಅಲ್ಲಿ ಅವನ ತಂಗಿಯ ಅಳಿಯ ಅಮೋಲನ ಮನೆಯಲ್ಲಿ ಬಸುರಿ ಹೆಂಡತಿಯ ಕುಬಸದ ಊಟವಿತ್ತು. ತಿರುಗಿ ಬಂದವನು ಗೋಡೆಯ ಮೇಲಿಂದ ಅರ್ಧ ತಾಸು ನನಗೆ ಕೋಳಿ ಸಾರಿನ ವರ್ಣನೆ ಮಾಡಿದ. ನಾನು ಮೂರು ಬೊಟ್ಟು ವಿಭೂತಿ ಹಚ್ಚುವವನು, ತತ್ತಿಯನ್ನೂ ಮುಟ್ಟುವುದಿಲ್ಲ. ಆದರೂ ನೆರೆಹೊರೆ ಎಂದು ಗೋಣು ಹಾಕುತ್ತ ಕೇಳಿದೆ. ತಿಪ್ಪೆಯಲ್ಲಿ ಮೇದ ಜವಾರಿ ಕೋಳಿಯ ರುಚಿಯೇ ಬೇರೆ ಎಂದು ಮೂರು ಸಲ ಹೇಳಿದ.

ಆ ವಾರವೇ ಶೆಡ್ಡಿನಲ್ಲಿ ಮೊದಲ ಮರಿ ರೆಕ್ಕೆ ಇಳಿಬಿಟ್ಟು ನಿಂತಿತು. ಹಿಂಭಾಗಕ್ಕೆ ಬಿಳಿಯದೇನೋ ಮೆತ್ತಿಕೊಂಡಿತ್ತು. ಮರುದಿನ ನಾಲ್ಕು, ಅದರ ಮರುದಿನ ಒಂಬತ್ತು. ಧರೆಪ್ಪ ಫಿನಾಯಿಲ್ ಇಮ್ಮಡಿ ಮಾಡಿದ, ಪುಡಿಯನ್ನೂ ಇಮ್ಮಡಿ ಮಾಡಿದ. ಸಾತವ್ವ ಮರಿಗಳನ್ನು ಒಂದೊಂದಾಗಿ ಅಂಗೈಯಲ್ಲಿಟ್ಟುಕೊಂಡು ಕೂತಳು, ಒಂದೊಂದಾಗಿ ಹಿತ್ತಲಿಗೆ ಒಯ್ದಳು. ನಲವತ್ತರಲ್ಲಿ ಮೂರು ಉಳಿದವು. ಅವಳು ಬಾಯಿಬಿಟ್ಟು ಅಳಲಿಲ್ಲ. ಅತ್ತಿದ್ದರೆ ನಮಗೆ ಸ್ವಲ್ಪ ಹಗುರಾಗುತ್ತಿತ್ತು.

ಪಶುವೈದ್ಯೆ ಅಂಜನಾ ಬಂದಳು. ನಮ್ಮ ಕಡೆಯ ಹುಡುಗಿಯೇ, ಜೀಪಿನಿಂದ ಇಳಿಯುವ ಮೊದಲೇ ಮೂಗು ಮುಚ್ಚಿಕೊಂಡಳು. ಇದು ಕೋಳಿ ಮನಿಯೋ ದವಾಖಾನಿಯೋ ಎಂದು ಕೇಳಿದಳು. ಧರೆಪ್ಪ ಅದನ್ನು ಹೊಗಳಿಕೆ ಎಂದು ತಿಳಿದು ಪ್ರಶಸ್ತಿಪತ್ರ ತೋರಿಸಲು ಹೊರಟ. ಸಾತವ್ವ ಹಿತ್ತಲಲ್ಲಿ ಮಣ್ಣು ಮುಚ್ಚುತ್ತಿದ್ದಳು, ಹಾಗಾಗಿ ಮುಂದಿನ ಮಾತೆಲ್ಲ ನಮ್ಮ ಮೂವರ ನಡುವೆಯೇ ಆಯಿತು.

ಕೋಳಿಯ ಕರುಳಿನಲ್ಲಿ ಕಣ್ಣಿಗೆ ಕಾಣದ ಒಳ್ಳೆಯ ಹುಳಗಳು ಲಕ್ಷಗಟ್ಟಲೆ ಇರುತ್ತವೆ ಎಂದು ಅವಳು ಹೇಳಿದಳು. ತಾಯಿಯ ಜೊತೆ ಮಣ್ಣು ಕೆದರಿದ ಮರಿಗೆ ಅವು ಮೊದಲ ದಿನವೇ ಸಿಗುತ್ತವೆ. ಕರುಳಿನ ಗೋಡೆಗೆ ಅಂಟಿಕೊಂಡು ಕೂತು, ಅಲ್ಲಿನ ಅನ್ನ ತಾವೇ ತಿಂದು, ಅಲ್ಲೆಲ್ಲ ಹುಳಿ ಹರಡಿ, ಆಮೇಲೆ ಬಂದ ರೋಗದ ಹುಳಕ್ಕೆ ನಿಲ್ಲಲು ಜಾಗ ಕೊಡುವುದಿಲ್ಲ. ಧರೆಪ್ಪ ಹಣೆ ಗಂಟು ಹಾಕಿಕೊಂಡು ಕೇಳುತ್ತಿದ್ದವನು ಒಮ್ಮೆಲೆ ಬೆಳಗಿದ.

"ಅಂದ್ರ ಕಿಡಕ್ಯಾಗಿಂದ ಟಾವೆಲ್ ಒಗದು ಸೀಟ ಹಿಡದಂಗ."

"ಬರೋಬ್ಬರಿರೀ," ಎಂದಳು ಅಂಜನಾ. "ಮಷಿನ್ನಾಗ ಹುಟ್ಟಿದ ಮರಿ ಅಂದ್ರ ಖಾಲಿ ಬಸ್ಸು. ನೀವ ಆ ಪುಡಿ ಕುಡಿಸಿ, ಹತ್ತಿದ ನಾಕ ಒಳ್ಳೆ ಮಂದಿನ್ನೂ ಇಳಿಸಿಬಿಟ್ಟೀರಿ. ಆಮ್ಯಾಲ ಯಾರ ಹತ್ತಿದ್ರು, ನೋಡೀರೆಲ್ಲ."

ಮೂವತ್ತೊಂದು ವರ್ಷ ಬಸ್ಸು ತುಂಬಿಸಿದವನಿಗೆ ಇದು ನೇರವಾಗಿ ತಾಗಿತು. ಅವನು ಕಟ್ಟೆಯ ಮೇಲೆ ಕೂತುಬಿಟ್ಟ. ಅಂಜನಾ ಸಮಾಧಾನ ಹೇಳಿದಳು. ಆ ಪುಡಿಯನ್ನು ಇನ್ನು ಕೇಳದೆ ಮುಟ್ಟಬೇಡಿ, ಶೆಡ್ಡನ್ನು ಮೂರು ವಾರ ಖಾಲಿ ಬಿಟ್ಟು ಸುಣ್ಣ ಹೊಡೆಸಿರಿ, ಆಮೇಲೆ ಇನ್ನೊಂದು ಇಪ್ಪತ್ತು ಮರಿ ಕೊಡಿಸುತ್ತೇನೆ, ಅದಕ್ಕಿಂತ ಹೆಚ್ಚು ಈ ವರ್ಷ ಸಿಗುವುದಿಲ್ಲ ಎಂದಳು. ಸಿಮೆಂಟಿನ ಬಿರುಕಿನಲ್ಲಿ ರೋಗ ಸ್ವಲ್ಪ ಉಳಿದೇ ಇರುತ್ತದೆ. ಅದಕ್ಕೆ ಮರಿ ಬಂದ ದಿನವೇ, ಅವು ನೆಲ ಕುಕ್ಕುವ ಮೊದಲೇ, ಹೊರಗೆ ಮೇದ ಗಟ್ಟಿ ಕೋಳಿಯ ತಾಜಾ ಹಿಕ್ಕಿಯನ್ನು ಪರೀಕ್ಷೆ ಮಾಡಿ, ನೀರಿನಲ್ಲಿ ಕದಡಿ ಚೂರು ಚೂರು ಕುಡಿಸಬೇಕು. "ಹಾಲಿಗೆ ಹೆಪ್ಪ ಹಾಕಿದಂಗ ನೋಡ್ರಿ. ಒಂದ ಚಮಚೆ ಸಾಕು."

ಧರೆಪ್ಪನ ಮುಖ ಸಡಿಲಾಯಿತು. ಅವನಿಗೆ ಒಂದು ಮಡಿಯಾದ ಶಬ್ದ ಸಿಕ್ಕಿತ್ತು. ಅವತ್ತಿನಿಂದ ಅದನ್ನು ಅವನು ಹೆಪ್ಪು ಎಂದೇ ಕರೆದ.

ಕಂಡ ಕಂಡ ಕೋಳಿಯದು ಬೇಡ, ಒಳ್ಳೆಯದರ ಜೊತೆ ಕೆಟ್ಟದ್ದೂ ಬರುತ್ತದೆ ಎಂದು ಅಂಜನಾ ಜೀಪು ಹತ್ತುತ್ತ ಎಚ್ಚರಿಸಿದಳು. ತಾನೇ ಲಸಿಕೆ ಹಾಕಿ, ತಾನೇ ತಪಾಸಣೆ ಮಾಡಿದ ಕೋಳಿಗಳು ಈ ಊರಲ್ಲಿ ಎರಡೇ ಎರಡು, ಎದುರು ಮನೆಯ ಮರೆವ್ವನವು, ಕಲ್ಲಿನಂಥ ಹೊಟ್ಟೆ ಅವುಗಳದ್ದು, ಅವುಗಳದ್ದೇ ತಗೊಳ್ಳಿರಿ ಎಂದಳು. ಧರೆಪ್ಪ ನನ್ನ ಮುಖ ನೋಡಿದ. ನಾನು ತಿಪ್ಪೆ ಇದ್ದ ಜಾಗ ನೋಡಿದೆ.

ಮರಿಗಳು ಬರುವ ದಿನ ಗುರುವಾರ ಎಂದು ಗೊತ್ತಾಯಿತು. ಅವತ್ತು ಅಂಜನಾ ದನಗಳಿಗೆ ಲಸಿಕೆ ಹಾಕಲು ನಮ್ಮೂರಲ್ಲೇ ಸಂಜೆ ಏಳರವರೆಗೆ ಇರುತ್ತಾಳೆ, ಅಷ್ಟರೊಳಗೆ ತಂದು ಕೊಡಬೇಕು. ಮರೆವ್ವನನ್ನು ಕೇಳಲು ನಮ್ಮಿಬ್ಬರಿಗೂ ಮುಖವಿರಲಿಲ್ಲ. ಮುಧೋಳಕ್ಕೇ ಹೋಗಿ ಕೋಳಿಯನ್ನು ತರುವುದೆಂದು ತೀರ್ಮಾನವಾಯಿತು. ಗುರುವಾರ ಬೆಳಿಗ್ಗೆ ಸಾತವ್ವ ಹೊಸ ಮರಿಗಳ ಡಬ್ಬಿಯ ಮುಂದೆ ಕೂತವಳು ಎಲ್ಲಿಗೆ ಹೊರಟಿರಿ ಎಂದು ಕೇಳಿದಳು. ಹಿಕ್ಕಿ ತರಲು ಎಂದರೆ ಮುಗಿದುಹೋಗುತ್ತಿತ್ತು. ಧರೆಪ್ಪ, ಇಲಾಖೆಯ ಕೆಲಸ, ಒಂದು ಕಲ್ಚರ್ ತರಬೇಕಾಗೇತಿ, ನಿನಗ ತಿಳಿಯಾಂಗಿಲ್ಲ ಎಂದು ಚಪ್ಪಲಿ ಮೆಟ್ಟಿದ.

ಮುಧೋಳದಲ್ಲಿ ಮರೆವ್ವನ ತಮ್ಮ ಮುದಕಪ್ಪ ಬೇಟೆನಾಯಿ ಸಾಕುತ್ತಾನೆ. ಅಂಗಳದಲ್ಲಿ ಉದ್ದನೆಯ ಕಾಲಿನ ನಾಯಿಯೊಂದು ಮುಖ ಗೋಡೆಗೆ ಮಾಡಿ ಮಲಗಿತ್ತು. ಕೋಳಿಯ ವಿಷಯ ತೆಗೆದ ಕೂಡಲೇ ಮುದಕಪ್ಪ ಧ್ವನಿ ತಗ್ಗಿಸಿದ, ನಾಯಿಗೆ ಕೇಳಬಾರದೆಂದು. ಒಂದು ಕೆಂಪು ಕೋಳಿ ಬಂದದ್ದು ಖರೆ. ಬಂದ ದಿನವೇ ನಾಯಿಯ ಮೂಗಿಗೆ ಕುಕ್ಕಿತು. ಮೊಲ ಹಿಡಿಯುವ ನಾಯಿ, ಮೂರು ಸ್ಪರ್ಧೆಯಲ್ಲಿ ಗೆದ್ದ ನಾಯಿ, ಎರಡು ದಿನ ಅನ್ನ ಬಿಟ್ಟಿತು. ಬನಹಟ್ಟಿಯ ನೇಕಾರನೊಬ್ಬ ಅದೇ ಸಮಯಕ್ಕೆ ಕೋಳಿ ಹುಡುಕಿಕೊಂಡು ಬಂದಿದ್ದ, ಅವನಿಗೆ ಕೊಟ್ಟುಬಿಟ್ಟೆ ಎಂದ. ಒಂದು ಕೋಳಿ ಎಂದು ಅವನು ಸ್ಪಷ್ಟವಾಗಿ ಹೇಳಿದ್ದ. ಮರೆವ್ವನವು ಎರಡಿದ್ದವೆಂದು ನಮಗೆ ಗೊತ್ತಿತ್ತು. ಲೆಕ್ಕ ಇಷ್ಟು ಸಣ್ಣದಿದ್ದರೂ ನಮಗಿಬ್ಬರಿಗೂ ಹೊಳೆಯಲಿಲ್ಲ.

ಮುಧೋಳದಿಂದ ಬನಹಟ್ಟಿಗೆ ನೇರ ದಾರಿ ಇದೆ. ನಾನು ಹಾಗೇ ಹೋಗೋಣ ಎಂದೆ. ಧರೆಪ್ಪ ನಕ್ಕ. ಬೀಳಗಿಯಿಂದ ಒಂದೂ ಹತ್ತಕ್ಕೆ ಬನಹಟ್ಟಿಗೆ ಒಂದು ಗಾಡಿ ಇದೆ, ಎಲ್ಲೂ ನಿಲ್ಲುವುದಿಲ್ಲ, ಹನ್ನೊಂದು ವರ್ಷ ನಾನೇ ಕೂಗಿದ್ದೇನೆ, ನನಗೆ ಬಸ್ಸು ಹೇಳಿಕೊಡುತ್ತೀಯಾ ಎಂದ. ಹೀಗೆ ಪಶ್ಚಿಮದ ಊರಿಗೆ ಹೋಗಲು ನಾವು ಪೂರ್ವಕ್ಕೆ ಹೊರಟೆವು.

ಬೀಳಗಿ ನಿಲ್ದಾಣದಲ್ಲಿ ಜಾಳಿಗೆಯ ಕೋಣೆ ಹಾಗೇ ಇತ್ತು. ಒಳಗೆ ಯಾರೂ ಇರಲಿಲ್ಲ. ಮೈಕಿನಲ್ಲಿ ಒಬ್ಬ ಹೆಣ್ಣುಮಗಳು ಬಾಗಲಕೋಟೆಯ ಬಸ್ಸು ಕೂಗುತ್ತಿದ್ದಳು, ಅದು ರಿಕಾರ್ಡ್ ಮಾಡಿದ ದನಿ. ಧರೆಪ್ಪ ಅದನ್ನು ಎರಡು ಸಲ ನಿಂತು ಕೇಳಿದ. ಒಂದೂ ಹತ್ತಾಯಿತು, ಒಂದೂವರೆಯಾಯಿತು. ಚಹಾದ ಅಂಗಡಿಯವನನ್ನು ಕೇಳಿದರೆ ಆ ಗಾಡಿ ನಿಂತು ಎರಡು ವರ್ಷವಾಯಿತು ಎಂದ. ನಾನು ಇಲ್ಲಿ ಟಿ.ಸಿ. ಇದ್ದೆ ಎಂದು ಧರೆಪ್ಪ ಹೇಳಿಕೊಂಡ. ಹೌದಾರಿ, ಎಂದು ಅಂಗಡಿಯವನು ಲೋಟ ತೊಳೆದ. ಆಮೇಲೆ ಜಮಖಂಡಿಗೆ ತಿರುಗಿ ಹೋಗಿ, ಅಲ್ಲಿ ಬಸ್ಸು ಬದಲಿಸಿದೆವು.

ಬನಹಟ್ಟಿಯ ಆ ಓಣಿಯಲ್ಲಿ ಮಗ್ಗದ ಸಪ್ಪಳಕ್ಕೆ ಪಕ್ಕದವನ ಮಾತು ಕೇಳುವುದಿಲ್ಲ. ಮುದಕಪ್ಪ ಕೊಟ್ಟ ಗುರುತು ಹಿಡಿದು ಹೋದರೆ ಅದು ಅಮೋಲನದೇ ಮನೆ. ಧರೆಪ್ಪ ಇದನ್ನು ಶುಭವೆಂದೇ ತಿಳಿದ. ಸಂಬಂಧಿಕರೇ ಆದರು, ಕೋಳಿಯನ್ನು ಸುಲಭವಾಗಿ ಕೊಡುತ್ತಾರೆ ಎಂದ. ಮಗ್ಗದ ಮುಂದೆ ನಿಂತು ಕೆಂಪು ಕೋಳಿ ಎಲ್ಲಿ ಎಂದು ಕೂಗಿ ಕೇಳಿದ. ಅಮೋಲ ಏನೋ ಅಂದ. ಕೇಳಲಿಲ್ಲ. ಇವನು ಮತ್ತೆ ಕೂಗಿದ, ಅವನು ಮತ್ತೆ ಕೂಗಿದ. ಅಷ್ಟರಲ್ಲಿ ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು.

"ಅವತ್ತ ನೀವ ಮೂರ ಸಲ ಹಾಕಿಸಿಕೊಂಡ ಉಂಡದ್ದ ಅದ ಕೋಳಿ ಅಲ್ರಿ ಮಾವಾ," ಎನ್ನುವ ಮಾತು ಆ ನಿಶ್ಶಬ್ದದಲ್ಲಿ ಓಣಿಗೆಲ್ಲ ಕೇಳಿಸಿತು.

ಧರೆಪ್ಪ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತ. ಅಮೋಲನ ಹೆಂಡತಿ ಊಟಕ್ಕೆ ಏಳಿರೆಂದು ಕರೆದಳು, ಬೇಡ ಎಂದ. ಬಸ್ಸಿನಲ್ಲಿ ಬಹಳ ಹೊತ್ತಿನ ಮೇಲೆ, ಬೇಯಿಸಿದ ಮೇಲೂ ಆ ಒಳ್ಳೆಯ ಹುಳಗಳು ಉಳಿಯುತ್ತವೇನು ಎಂದು ನನ್ನನ್ನು ಕೇಳಿದ. ಉಳಿಯಲಿಕ್ಕಿಲ್ಲ ಎಂದೆ. ನಗು ಬರಬೇಕಾದ ಮಾತು ಅದು. ಅವನ ಮುಖ ನೋಡಿದ ಮೇಲೆ ನನಗೆ ಬರಲಿಲ್ಲ.

ನಾವು ಊರು ಮುಟ್ಟಿದಾಗ ಆರೂವರೆ. ಮುಧೋಳದಿಂದ ನೇರ ಹೋಗಿದ್ದರೆ ಮೂರು ಗಂಟೆಗೇ ಮನೆಯಲ್ಲಿರುತ್ತಿದ್ದೆವು. ಸಾತವ್ವ ಮರಿಗಳನ್ನು ಇನ್ನೂ ಡಬ್ಬಿಯಲ್ಲೇ ಇಟ್ಟುಕೊಂಡು ಕಾದಿದ್ದಳು, ಅವು ಒಂದರ ಮೇಲೊಂದು ಬಿದ್ದು ಒದರುತ್ತಿದ್ದವು. ಅವಳ ಮುಂದೆ ಧರೆಪ್ಪ ಕೊನೆಗೂ ನಿಜ ಹೇಳಿದ, ಯಾವ ಕೋಳಿ, ಯಾಕೆ ಬೇಕಿತ್ತು, ಎಲ್ಲಿಗೆ ಹೋಯಿತು ಎಂಬುದನ್ನೆಲ್ಲ.

"ಕರಿ ಇಲ್ಲೇ ಐತಿ," ಎಂದಳು ಸಾತವ್ವ. "ಮರೆವ್ವನ ಅಡಗಿಮನ್ಯಾಗ, ಹೆಡಗಿ ಕೆಳಗ. ನಿಮ್ಮ ಅರ್ಜಿಗೆ ಅಂಜಿ ಇಟ್ಟಾಳ. ನಾನ ದಿನಾ ಕಾಳ ಒಯ್ದು ಹಾಕ್ತೇನಿ. ಮುಂಜಾನೆ ಖರೆ ಹೇಳಿದ್ರ ಅವಾಗ ತಂದ ಕೊಡತಿದ್ದೆ."

ತಾನೇ ಹೋಗಲು ಎದ್ದವಳು ಮತ್ತೆ ಕೂತಳು. ಅರ್ಜಿ ಕೊಟ್ಟವರು ನೀವು, ನೀವೇ ಹೋಗಿ ಕೇಳಿರಿ, ಅಷ್ಟಾದರೂ ಅವಳಿಗೆ ಸಲ್ಲಬೇಕು ಎಂದಳು. ಅದು ನ್ಯಾಯದ ಮಾತೇ ಆಗಿತ್ತು. ಹದಿನೈದು ಹೆಜ್ಜೆಯ ಓಣಿಯನ್ನು ನಾವಿಬ್ಬರೂ ನಾಲ್ಕು ಊರು ಸುತ್ತಿದ ಕಾಲಿನಲ್ಲಿ ದಾಟಿದೆವು.

ಮರೆವ್ವ ಆಗಷ್ಟೇ ದೀಪ ಹಚ್ಚಿ ಕೈಮುಗಿಯುತ್ತಿದ್ದಳು. ನಮ್ಮನ್ನು ನೋಡಿ ಬಾಗಿಲಿಗೆ ಅಡ್ಡವಾಗಿ ನಿಂತಳು. ಅವಳ ಹಿಂದೆ ಅಡಿಗೆಮನೆಯಲ್ಲಿ ಬೋರಲು ಹಾಕಿದ ಹೆಡಗಿ, ಅದರ ಮೇಲೆ ಒಂದು ಕಲ್ಲು ಕಾಣುತ್ತಿತ್ತು. ಹೆಡಗಿಯೊಳಗಿಂದ ಸಣ್ಣಗೆ ಕೊಕ್ ಎಂದಿತು. ಮರೆವ್ವ ಜೋರಾಗಿ ಕೆಮ್ಮಿದಳು. ನಾವೂ ಕೇಳದವರಂತೆ ನಿಂತೆವು.

ಧರೆಪ್ಪ ಗಂಟಲು ಸರಿಮಾಡಿಕೊಂಡ. ಆ ಮೈಕಿನ ದನಿ ಎಲ್ಲಿ ಹೋಗಿತ್ತೋ. "ಮರೆವ್ವಾ, ಸ್ವಲ್ಪ ಹೆಪ್ಪ ಬೇಕಾಗಿತ್ತು," ಎಂದ.

ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು, ತಿರುಗಿ ದೀಪ ನೋಡಿದಳು.

"ದೀಪ ಹಚ್ಚೇನಿ. ಹೊತ್ತ ಮುಣಗಿದ ಮ್ಯಾಲ ಹೆಪ್ಪ ಕೊಡಾಂಗಿಲ್ಲಪಾ," ಎಂದಳು.

ನಮ್ಮ ಕಡೆ ಯಾರ ಮನೆಯಲ್ಲೂ ಕೊಡುವುದಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಹೆಪ್ಪು ಹೊರಗೆ ಹೋದರೆ ಮನೆಯ ಹೈನು ಹೋದಂತೆ ಎಂದು ನನ್ನ ತಾಯಿಯೂ ಕೊಡುತ್ತಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ನನಗೆ ಅದು ನೆನಪಾಗಲಿಲ್ಲ. ಅವಳಿಗೆ ಎಲ್ಲ ಗೊತ್ತಿದೆ, ಬೇಕೆಂದೇ ಕೊಡುತ್ತಿಲ್ಲ, ದೀಪದ ನೆವ ಹೇಳುತ್ತಿದ್ದಾಳೆ ಎಂದುಕೊಂಡೆ. ಅರ್ಜಿಯಲ್ಲಿ ಮಲವಿಸರ್ಜನೆ ಎಂದು ಬರೆದ ನಾನು ಆಗ ಹಿಕ್ಕಿ ಎಂಬ ಎರಡಕ್ಷರ ಹೇಳಿದ್ದರೆ ಸಾಕಿತ್ತು. ಹಣೆಯ ಮೇಲೆ ವಿಭೂತಿ ಇತ್ತು, ಎದುರಿಗೆ ದೀಪ ಇತ್ತು, ನಾಚಿಕೆ ಇತ್ತು.

"ಖರೆ ಐತಿ. ನಮಗ್ಯಾಕ ಕೊಡಬೇಕು ಅಕಿ," ಎಂದ ಧರೆಪ್ಪ ತಿರುಗುವಾಗ.

ಕೊಡಲಿಲ್ಲ ಎಂದು ಸಾತವ್ವನಿಗೆ ಹೇಳಿದೆವು. ಇಷ್ಟು ವರ್ಷದ ಗೆಳತಿ ತನ್ನ ಮರಿಗಳಿಗೆ ಇಲ್ಲ ಎಂದಳಲ್ಲ ಎನ್ನುವುದು ಅವಳಿಗೆ ಎಲ್ಲಿ ತಾಗಿತೋ, ಅವಳು ಏಳಲಿಲ್ಲ, ಮತ್ತೊಮ್ಮೆ ಕೇಳಲೂ ಇಲ್ಲ. ಏಳು ಗಂಟೆಗೆ ಅಂಜನಾಳ ಜೀಪು ಹೋಯಿತು. ಡಬ್ಬಿಯಲ್ಲಿ ತುಳಿದಾಡಿ ಸಾಯುತ್ತವೆಂದು ಸಾತವ್ವ ಮರಿಗಳನ್ನು ಶೆಡ್ಡಿಗೆ ಬಿಟ್ಟಳು. ಅವು ಕೂಡಲೇ ನೆಲ ಕುಕ್ಕಲು ಹತ್ತಿದವು.

ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದೆ. ಮರೆವ್ವ ಓಣಿ ದಾಟಿ ಬಂದಳು, ನೋಟಿಸು ಬಂದ ಮೇಲೆ ಇದೇ ಮೊದಲು. ಕೈಯಲ್ಲಿ ಬಟ್ಟಲು, ಅದಕ್ಕೆ ತಾಟು ಮುಚ್ಚಿತ್ತು. ಧರೆಪ್ಪನ ಕಟ್ಟೆ ಹತ್ತದೆ ಕೆಳಗೇ ನಿಂತು ಸಾತವ್ವನನ್ನು ಕರೆದಳು.

"ತಗೋಬೇ ಹೆಪ್ಪ," ಎಂದಳು. "ನಿನ್ನೆ ಗಂಡಸರಿಬ್ಬರು ದೀಪ ಹಚ್ಚಿದ ಮ್ಯಾಲ ಬಂದಿದ್ರು, ಅದಕ್ಕ ಕೊಡಲಿಲ್ಲ. ಎಮ್ಮೀ ಮೊಸರು, ಗಡ್ಡಿ ಐತಿ."

ಸಾತವ್ವ ತಾಟು ತೆಗೆದು ನೋಡಿದಳು. ಬಿಳಿಯ ಗಟ್ಟಿ ಮೊಸರು. ಅವಳು ಅದನ್ನು ನೋಡುತ್ತ ನಿಂತಳು, ಆಮೇಲೆ ಕಟ್ಟೆಯ ಮೇಲೆ ಕೂತು, ಮೂವತ್ತೇಳು ಮರಿ ಮಣ್ಣು ಮಾಡಿದಾಗ ಅಳದವಳು, ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಮರೆವ್ವ ಗಾಬರಿಯಾದಳು. ನಾನೇ ಹೋಗಿ ನಿನ್ನೆ ಕೇಳಿದ ಹೆಪ್ಪು ಇದಲ್ಲ ಎಂದು ತಿಳಿಸಿ ಹೇಳಬೇಕಾಯಿತು. ಅವತ್ತು ಮೊದಲ ಸಲ ಹಿಕ್ಕಿ ಎಂಬ ಶಬ್ದ ನನ್ನ ಬಾಯಿಂದ ಬಂತು. ಬಂದ ಮೇಲೆ ನೋಡಿದರೆ ಅದರಲ್ಲಿ ಏನೂ ಇರಲಿಲ್ಲ.

"ಹಿಕ್ಕಿ ಅಂದಿದ್ರ ಹೆಡಗಿ ತುಂಬ ಕೊಡತಿದ್ನೆಲ್ಲೋ," ಎಂದಳು ಮರೆವ್ವ. "ಹಿಕ್ಕಿಗೆ ದೀಪ ಎಲ್ಲಿ ಅಡ್ಡ ಬರತೈತಿ?"

ಅಂಜನಾಗೆ ಫೋನು ಮಾಡಿದೆವು. ಅವಳು ಹನ್ನೊಂದಕ್ಕೆ ಬಂದು, ಕರಿಯದನ್ನು ಪರೀಕ್ಷಿಸಿ, ಕದಡಿ ಕುಡಿಸಿದಳು. ಎಂಟು ದಿನದಲ್ಲಿ ಇಪ್ಪತ್ತರಲ್ಲಿ ಹದಿನಾಲ್ಕು ಹೋದವು. ಆರು ಉಳಿದವು. ಹಿಂದಿನ ಸಂಜೆಯೇ ಕೊಟ್ಟಿದ್ದರೆ ಎಷ್ಟು ಉಳಿಯುತ್ತಿದ್ದವು ಎಂದು ಧರೆಪ್ಪ ಅವಳನ್ನು ಮತ್ತೆ ಮತ್ತೆ ಕೇಳಿದ. ಅದನ್ನು ಖಚಿತವಾಗಿ ಯಾರೂ ಹೇಳಲಾರರು ಎಂದು ಅವಳು ಹೇಳುತ್ತಿದ್ದಳು. ಸುಳ್ಳಾದರೂ ಒಂದು ಅಂಕಿ ಹೇಳಿದ್ದರೆ ಅವನಿಗೆ ನಿದ್ದೆ ಬರುತ್ತಿತ್ತೇನೋ. ಪಡಸಾಲೆಯ ಪ್ರಶಸ್ತಿಪತ್ರ ಈಗ ಟ್ರಂಕಿನಲ್ಲಿದೆ.

ನೋಟಿಸು ಇನ್ನೂ ಜಾರಿಯಲ್ಲಿದೆ, ಓಣಿಯಲ್ಲಿ ಕೋಳಿ ಅಡ್ಡಾಡುವಂತಿಲ್ಲ. ಅದಕ್ಕೆ ಸಾತವ್ವ ದಿನಾ ಮಧ್ಯಾಹ್ನ ಕರಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ತನ್ನ ಹಿತ್ತಲಿಗೆ ತರುತ್ತಾಳೆ. ಮೊದಲು ಉಳಿದ ಮೂರು, ಆಮೇಲೆ ಉಳಿದ ಆರು, ಒಂಬತ್ತೂ ಅದರ ಹಿಂದೆ ಮಣ್ಣು ಕೆದರುತ್ತವೆ. ಧರೆಪ್ಪ ಬಾಗಿಲಲ್ಲಿ ನಿಂತು ಯಾರಾದರೂ ಬರುತ್ತಾರೇನು ಎಂದು ನೋಡಿ, ಬರ್ರಿ, ಓಣಿ ಖಾಲಿ ಐತಿ ಎಂದು ಪಿಸುಗುಡುತ್ತಾನೆ. ಅವನ ಕೂಗುವ ಕೆಲಸ ಈಗ ಅಷ್ಟಕ್ಕೆ ಬಂದು ನಿಂತಿದೆ.

ಮೊದಲಿನ ಅರ್ಜಿಯನ್ನು ಹಿಂದಕ್ಕೆ ಪಡೆಯುತ್ತೇವೆ ಎಂದು ನಾನು ಇನ್ನೊಂದು ಅರ್ಜಿ ಬರೆದೆ. ಕೊಡುವ ಮೊದಲು ಮರೆವ್ವನ ಕಟ್ಟೆಯ ಮೇಲೆ ಕೂತು ಅವಳಿಗೆ ಓದಿ ಹೇಳಿದೆ. ಕೋಳಿ ಎಂದಿದ್ದೆ, ಹಿಕ್ಕಿ ಎಂದಿದ್ದೆ, ಅದರಿಂದ ಯಾರಿಗೂ ಏನೂ ಆಗಿಲ್ಲ ಎಂದಿದ್ದೆ. ಈಗ ತಿಳೀತು ನೋಡು ಎಂದಳು. ಆಮೇಲೆ, ಮೊದಲಿನದ್ದೂ ನೀನೇ ಬರೆದದ್ದಲ್ಲೇನು ಎಂದು ಕೇಳಿದಳು. ಯಾರು ಹೇಳಿದರು ಎಂದೆ.

"ಯಾರೂ ಹೇಳಲಿಲ್ಲ. ಅವತ್ತ ನೀ ಓದುವಾಗ ಗೊತ್ತಾತು," ಎಂದಳು. "ಮಂದಿ ಬರದದ್ದ ಯಾರೂ ಅಷ್ಟ ಪ್ರೀತೀಲೆ ಓದಾಂಗಿಲ್ಲ."

ಆ ಅರ್ಜಿ ಕೊಟ್ಟು ಏಳು ತಿಂಗಳಾಯಿತು. ಪರಿಶೀಲನೆಯಲ್ಲಿದೆ ಎನ್ನುತ್ತಾರೆ.